ಜೂನ್ ಒಂದರ ಮಾಸ್ತರರ ಕುರ್ಚಿ

ಶಂಕರೆಪ್ಪ ಮಾಸ್ತರರಿಗೆ ತಾವು ತೀರಿಕೊಂಡಿರಬಹುದೆಂಬ ಸಂಶಯ ಮೊಟ್ಟಮೊದಲು ಬಂದದ್ದು ಶುಕ್ರವಾರ, ದಿನಾಂಕ 7-11-2025ರಂದು, ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ. ('ಸುಮಾರು ಎರಡೂವರೆಗೆ' ಎಂದು ಬರೆಯಬಹುದಿತ್ತು. ಆದರೆ ಮಾಸ್ತರರು ಬದುಕಿದ್ದರೂ ಸತ್ತಿದ್ದರೂ ಎದ್ದು ಬಂದು ಕೆಂಪು ಮಸಿಯಲ್ಲಿ ತಿದ್ದದೆ ಬಿಡುವವರಲ್ಲ.) ಈ ಸಂಶಯವನ್ನು ಹುಟ್ಟಿಸಿದ್ದು ಹದಿಹರೆಯದವರಿಗಾಗಿ ಬರೆದ ನೂರಾ ನಲವತ್ತು ಪುಟದ ಒಂದು ಕಾದಂಬರಿ.

ಅಂಥ ಕಾದಂಬರಿ ಅವರ ಕೈಗೆ ಬಂದದ್ದು ಹೇಗೆಂಬುದನ್ನು ಮೊದಲು ಹೇಳಬೇಕು. ಸಿಂದಗಿಯ ನಿವೃತ್ತ ಮುಖ್ಯಾಧ್ಯಾಪಕರಾದ ಮಾಸ್ತರರು 14-11-2012ರಂದು 'ತರುಣ ವಾಚಕರ ಪ್ರಶಸ್ತಿ'ಯನ್ನು ಸ್ಥಾಪಿಸಿ, ಅಂದಿನಿಂದ ಅದರ ಅಧ್ಯಕ್ಷ ಪೀಠವನ್ನು ಅಲಂಕರಿಸಿಕೊಂಡೇ ಬಂದಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹುಡುಗ ಹುಡುಗಿಯರು ವರ್ಷಕ್ಕೆ ಐದು ಹೊಸ ಕಾದಂಬರಿಗಳನ್ನು ಓದಿ, ಚೀಟಿಯಲ್ಲಿ ಓಟು ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಹೆಚ್ಚು ಓಟು ಬಿದ್ದ ಪುಸ್ತಕಕ್ಕೆ ಪ್ರಶಸ್ತಿ. ಓಟು ಇರುವುದು ಹದಿಮೂರರಿಂದ ಹತ್ತೊಂಬತ್ತರವರಿಗೆ ಮಾತ್ರ. ಹಿರಿಯರು ಬಾಯಿ ಹಾಕುವಂತಿಲ್ಲ, ಅಧ್ಯಕ್ಷರೂ ಸಹ.

ನಿಯಮಾವಳಿಯಲ್ಲಿ ಮೂವತ್ತೊಂದು ಕಲಮುಗಳಿದ್ದವು. ಮೂವತ್ತೊಂದನ್ನೂ ಮಾಸ್ತರರೇ ಕಡೆದಿದ್ದರು. ಮುದ್ದೇಬಿಹಾಳದ ಹುಡುಗನೊಬ್ಬ "ನನಗ ಹತ್ತೊಂಬತ್ತು ನಡದೈತೋ ಮುಗದೈತೋ ನನಗ ಗೊತ್ತಿಲ್ರಿ" ಎಂದು ತಕರಾರು ತೆಗೆದಾಗ, 9-8-2016ರಂದು ಮೂರನೆಯ ಕಲಮಿಗೆ ತಿದ್ದುಪಡಿ ಬಂತು: 'ವಯಸ್ಸು ಎಂದರೆ ವ್ಯಕ್ತಿಯು ಹುಟ್ಟಿದ ತಾರೀಖು ಪಂಚಾಂಗದಲ್ಲಿ ಮರಳಿ ನಿಜವಾಗಿ ಬಂದುಹೋದ ಸಲಗಳ ಸಂಖ್ಯೆ.' ಚೇತನಕುಮಾರ ಎಂಬ ತರುಣ ಶಿಕ್ಷಕ ಅಧ್ಯಕ್ಷ ಪೀಠದ ಕಡೆಗೆ ಕಣ್ಣು ಹಾಯಿಸಿದ್ದು ತಿಳಿದಾಗ, 26-1-2018ರಂದು ಒಂದನೆಯ ಕಲಮು ಬಿಗಿಯಾಯಿತು: 'ಅಧ್ಯಕ್ಷರ ವಯಸ್ಸು ನಲವತ್ತಕ್ಕೆ ಕಡಿಮೆ ಇರಕೂಡದು.' ಯಾರ ಹೆಸರನ್ನೂ ತಾರೀಖಿಲ್ಲದೆ ಅಚ್ಚು ಹಾಕಿಸಕೂಡದೆಂಬುದು ಹನ್ನೊಂದನೆಯ ಕಲಮು. ಓಟು ಪುಸ್ತಕಕ್ಕೆ ಬೀಳಬೇಕೇ ಹೊರತು ಬರೆದವರ ಹೆಸರಿಗಲ್ಲ. ಆದ್ದರಿಂದ ಹೆಸರಿರುವ ಪುಟ ತೆಗೆದು, ಖಾಕಿ ರಟ್ಟು ಹಾಕಿ, ಮೇಲೆ ಶೀರ್ಷಿಕೆ ಮಾತ್ರ ಬರೆಯಬೇಕು, ಹೆಸರುಗಳು ಲಕೋಟೆಯೊಳಗಿರಬೇಕು ಎಂಬುದು ಏಳನೆಯದು. ನಿಷ್ಪಕ್ಷಪಾತಿಗಳಾದ ಮಾಸ್ತರರು ರಟ್ಟು ಹಾಕುವಾಗ ಆ ಕೋಣೆಗೇ ಕಾಲಿಡುತ್ತಿರಲಿಲ್ಲ. ಆ ಕೆಲಸ ಅವರ ಧರ್ಮಪತ್ನಿ ಇಂದುಬಾಯಿಯವರದು.

ಅಕ್ಟೋಬರ್ ಮೂವತ್ತೊಂದಕ್ಕೆ ಓಟು ಮುಗಿಯಿತು. ಪದ್ಧತಿಯಂತೆ ಮಾಸ್ತರರು ಆಮೇಲೆಯೇ ಪುಸ್ತಕಗಳನ್ನು ಓದಲು ಕುಳಿತರು. ಅವರಿಗೆ ಮೆಚ್ಚಿಗೆಯಾದದ್ದು 'ಶಿಸ್ತಿನ ಸಿದ್ದಲಿಂಗ' (ಅದರ ನಾಯಕ ಇಪ್ಪತ್ತೆರಡು ಅಧ್ಯಾಯಗಳಲ್ಲೂ ಬೆಳಿಗ್ಗೆ ಐದಕ್ಕೆ ಏಳುತ್ತಾನೆ, ಬೇರೆ ಏನೂ ಆಗುವುದಿಲ್ಲ). ಕೊನೆಗೆ ಉಳಿದದ್ದು 'ಜೂನ್ ಒಂದರ ಮಾಸ್ತರ'.

ಅದೊಂದು ದೆವ್ವದ ಕಥೆ. ಹಿಂದಿನ ಕಾಲದಲ್ಲಿ ಹುಟ್ಟಿದ ತಾರೀಖು ಯಾರಿಗೂ ಗೊತ್ತಿರುತ್ತಿರಲಿಲ್ಲ; ಶಾಲೆಗೆ ಸೇರಿಸುವಾಗ ಮಾಸ್ತರು ಎಲ್ಲರಿಗೂ 'ಜೂನ್ ಒಂದು' ಎಂದು ಬರೆದುಬಿಡುತ್ತಿದ್ದರು. ಹಾಗೆ ಆರುನೂರಾ ಹನ್ನೆರಡು ಮಕ್ಕಳಿಗೆ ಬರೆದ ಒಬ್ಬ ಮಾಸ್ತರ ಸಾಯುತ್ತಾನೆ. ಅವನ ಸ್ವಂತ ತಾರೀಖೂ ಜೂನ್ ಒಂದೇ. ಮೇಲಿನ ಲೋಕದ ಗುಮಾಸ್ತ ವಹಿ ತೆಗೆದು ನೋಡಿದರೆ, ಜೂನ್ ಒಂದಕ್ಕೆ ಹುಟ್ಟಿದವರು ಅರ್ಧ ಜಿಲ್ಲೆಯಷ್ಟು! ಹುಟ್ಟಿದ ದಿನ ತಾಳೆಯಾಗದೆ ಸತ್ತ ದಿನ ಬರೆಯಲು ಬರುವುದಿಲ್ಲ. "ಖರೇ ತಾರೀಖು ತಗೊಂಡು ಬಾ" ಎಂದು ಅವನನ್ನು ಹಿಂದಕ್ಕೆ ಕಳಿಸುತ್ತಾರೆ. ಆದರೆ ತಾನು ಸತ್ತದ್ದು ಮಾಸ್ತರನಿಗೆ ನೆನಪಿಲ್ಲ. ಒಂಬತ್ತನೆಯ ಇಯತ್ತೆಯಲ್ಲಿ ಓದುವ ಗಂಗಿ ಎಂಬ ಹುಡುಗಿಗೆ ಮಾತ್ರ ಅವನು ಕಾಣುತ್ತಾನೆ.

ಮಾಸ್ತರರು ಮೂಗು ಮುರಿಯುತ್ತಲೇ ಒಂಬತ್ತನೆಯ ಪುಟಕ್ಕೆ ಬಂದರು. ಅಲ್ಲಿ ಹೀಗಿತ್ತು: 'ಆ ಮನೆಯಲ್ಲಿ ಪ್ರತಿಯೊಂದು ಬಲ್ಬಿಗೂ ಹಾಕಿದ ತಾರೀಖು ಬರೆದಿರುತ್ತಿತ್ತು. ಮಾಸ್ತರ ಕೂಡುವ ಕುರ್ಚಿಯ ಮೇಲಿನ ಬಲ್ಬಿಗೆ 12-3-2019.'

ಮಾಸ್ತರರು ನಿಧಾನವಾಗಿ ತಲೆಯೆತ್ತಿದರು. ಕುರ್ಚಿಯ ಮೇಲೆ ಬಲ್ಬು ತೂಗುತ್ತಿತ್ತು. ಅದರ ಕುತ್ತಿಗೆಯ ಬಳಿ ಅವರದೇ ದುಂಡನೆಯ ಅಕ್ಷರದಲ್ಲಿ 12-3-2019.

ಆಗ ಎರಡು ಗಂಟೆ ಇಪ್ಪತ್ತು ನಿಮಿಷ. ಕರೆಂಟು ಹೋಗಿ ಫ್ಯಾನು ಕೊನೆಯ ಸುತ್ತು ಸುತ್ತಿ ನಿಂತಿತು. ಹೊರಗೆ ಬಿಸಿಲು ಗೋಡೆಗಳಿಗೆ ಒರಗಿಕೊಂಡು ಮಲಗಿತ್ತು. ಓಣಿಯಲ್ಲಿ ಒಂದು ನಾಯಿಯೂ ಮಿಸುಕುತ್ತಿರಲಿಲ್ಲ. ಅವರು ಪುಟ ತಿರುವಿದರು. 'ಸತ್ತವನಿಗೆ ತಾನು ಸತ್ತದ್ದು ತಿಳಿಯುವುದಿಲ್ಲ. ಮನೆಯವರು ಉತ್ತರ ಕೊಡುವುದನ್ನು ನಿಲ್ಲಿಸುತ್ತಾರೆ, ಅಷ್ಟೆ. ಅವನು ಮೂರು ಸಲ ಚಹಾ ಕೇಳುತ್ತಾನೆ. ಅವರು ಸಿಟ್ಟಾಗಿಲ್ಲ. ಅವರಿಗೆ ಕೇಳುವುದೇ ಇಲ್ಲ.'

"ಇಂದೂ, ಚಾ!" ಎಂದರು ಮಾಸ್ತರರು.

ಎರಡು ವರ್ಷಗಳಿಂದ ಇಂದುಬಾಯಿಯವರು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮೌನ ಹಿಡಿದು ಹಿತ್ತಲ ಕೋಣೆಯಲ್ಲಿ ಶಿವನಾಮ ಬರೆಯುತ್ತಿದ್ದರು. ಲಕ್ಷ ನಾಮ ಬರೆಯುವ ವ್ರತ. ಹನ್ನೊಂದು ವಹಿಗಳು ತುಂಬಿದ್ದವು. ವ್ರತದ ವಹಿಯನ್ನು ಮತ್ತೊಬ್ಬರು ನೋಡಬಾರದಾದ್ದರಿಂದ ಮಾಸ್ತರರು ಅದನ್ನೊಮ್ಮೆಯೂ ತೆರೆದಿರಲಿಲ್ಲ. ಮೌನದಲ್ಲಿ ಕರೆದರೆ ಬಳೆಯೇ ಉತ್ತರ: ಒಂದು ಸಲ ಸದ್ದಾದರೆ ಹೌದು, ಎರಡು ಸಲ ಆದರೆ ಇಲ್ಲ.

"ಇಂದೂ, ಚಾ!"

ಬಳೆಯ ಸದ್ದಿಲ್ಲ. ಗೋಡೆ ಗಡಿಯಾರ ಮಾತ್ರ ಟಕ್, ಟಕ್ ಎನ್ನುತ್ತಿತ್ತು.

ಮೂರನೆಯ ಸಲವೂ ಕರೆದು ನೋಡಿದರು. ಅವರು ಎದ್ದು ಒಳಗೆ ಹೋದರು. ಅಡಿಗೆಮನೆಯಲ್ಲಿ ಯಾರೂ ಇಲ್ಲ. ಹಿತ್ತಲ ಕೋಣೆಯಲ್ಲಿ ಚಾಪೆ, ಮುಚ್ಚಿದ ವಹಿ, ಮುಚ್ಚಳ ತೆಗೆದ ಪೆನ್ನು, ಮಡಚಿಟ್ಟ ಚಾಳೀಸಿನ ಕನ್ನಡಕ. ಹಿಂಬಾಗಿಲು ಅರ್ಧ ತೆರೆದಿತ್ತು. ಬಿಸಿಲ ಕೋಲಿನಲ್ಲಿ ಧೂಳು ಏಳುತ್ತಿತ್ತು, ಗಾಳಿಯಿಲ್ಲದೆಯೂ ಚಿಲಕ ಸಣ್ಣಗೆ ಅಲ್ಲಾಡುತ್ತಿತ್ತು.

ಮರಳಿ ಕುರ್ಚಿಗೆ ಬಂದ ಮಾಸ್ತರರು ಜೀವನದಲ್ಲಿ ಮೊದಲ ಬಾರಿಗೆ ಒಂದು ಅಪರಾಧ ಮಾಡಿದರು. ನಡುವಿನ ಪುಟಗಳನ್ನು ಬಿಟ್ಟು ಕೊನೆಯ ಸಾಲನ್ನು ಓದಿದರು: 'ಶುಕ್ರವಾರ 14-11-2025, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮಾಸ್ತರ ಕುರ್ಚಿಯಿಂದ ಎದ್ದ. ಆಮೇಲೆ ಆ ಕುರ್ಚಿಯಲ್ಲಿ ಅವನನ್ನು ಯಾರೂ ಕಾಣಲಿಲ್ಲ.'

ಮುಂದಿನ ಶುಕ್ರವಾರ! ಪ್ರಶಸ್ತಿ ಸಮಾರಂಭದ ದಿನ! ಪುಸ್ತಕ ಅಚ್ಚಾದದ್ದು ಜೂನಿನಲ್ಲಿ. ಮಾಸ್ತರರು ಸಮಾರಂಭದ ದಿನವನ್ನು ವಿಧ್ಯುಕ್ತವಾಗಿ ಗೊತ್ತುಮಾಡಿದ್ದು 3-10-2025ರಂದು.

ನಾಲ್ಕು ಗಂಟೆಗೆ ಇಂದುಬಾಯಿಯವರು ಹಿಂಬಾಗಿಲಿನಿಂದ ಒಳಗೆ ಬಂದರು.

"ಎಲ್ಲಿ ಹೋಗಿದ್ದಿ?"

"ಎಲ್ಲಿ ಹೋಗಲ್ರಿ ನಾನು? ಶಾಹಿಸ್ತಾನ ಮನಿಗೆ. ಓಟಿನ ಪೆಟಿಗಿ ಇಡಾಕ ಜಾಗಾ ಸಾಲವಲ್ದು ಅಂತ ಕರದಿದ್ಳು." (ಶಾಹಿಸ್ತಾ ಹತ್ತನೆಯ ಇಯತ್ತೆಯ ಹುಡುಗಿ, ಆ ವರ್ಷದ ಓಟು ಎಣಿಕೆಗೆ ಮುಖ್ಯಸ್ಥೆ.)

"ನಾ ಮೂರ ಸಲ ಕರದೆ."

"ಹಂಗಾದ್ರ ಇವತ್ತ ಕಡಿಮಿನ ಆತು. ದಿನಾ ಏಳ ಸಲ ಕರೀತೀರಿ."

"ಇಂದೂ, ಖರೇ ಹೇಳು. ನಾ ನಿನಗ ಕಾಣಾಕತ್ತೇನೋ ಇಲ್ಲೋ?"

ಇಂದುಬಾಯಿಯವರು ಸೆರಗಿನಿಂದ ಮುಖ ಒರಸಿಕೊಂಡರು. "ಐವತ್ತೊಂದ ವರ್ಷದಿಂದ ಬರೇ ನೀವ ಕಾಣಾಕತ್ತೀರಿ. ಬ್ಯಾರೆ ಏನರ ಕಾಣಲಿ ಅಂತ ನಾನೂ ನೋಡಾಕತ್ತೇನಿ."

"ಐವತ್ತೊಂದಲ್ಲ. ಮದುವಿ ಆಗಿದ್ದು 9-5-1974. ಐವತ್ತೊಂದ ವರ್ಷ ಆರ ತಿಂಗಳಿಗೆ ಎರಡ ದಿವಸ ಕಡಿಮಿ."

"ಸತ್ತಿಲ್ಲ ಬಿಡ್ರಿ ಹಂಗಾದ್ರ," ಎಂದು ಇಂದುಬಾಯಿ ಒಲೆ ಹೊತ್ತಿಸಿದರು.

ಮಾಸ್ತರರಿಗೆ ಎಷ್ಟೋ ಸಮಾಧಾನವಾಯಿತು. ಚಹಾ ಕುಡಿದು ಮೂವತ್ತನಾಲ್ಕನೆಯ ಪುಟ ತೆರೆದರು. 'ಸತ್ತ ಮಾಸ್ತರ ಹೆಂಡತಿಯ ಮಾತಿನಲ್ಲಿ ತಾರೀಖಿನ ತಪ್ಪು ಹಿಡಿದ. ತಪ್ಪು ಹಿಡಿಯಲು ಮನುಷ್ಯ ಬದುಕಿರಲೇಬೇಕೆಂದೇನೂ ಇಲ್ಲ.'

ಆ ರಾತ್ರಿ ಅವರು ಪುಸ್ತಕವನ್ನು ಜೋಳದ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದರು.

ಮರುದಿನದಿಂದ ಮಾಸ್ತರರು ತಮ್ಮ ಅಸ್ತಿತ್ವವನ್ನು ಶಾಸ್ತ್ರೋಕ್ತವಾಗಿ ಪರೀಕ್ಷಿಸತೊಡಗಿದರು. ಶನಿವಾರ ನೆರಳು ಬೀಳುತ್ತದೆಯೇ ಎಂದು ಅಂಗಳಕ್ಕಿಳಿದರೆ, ಕಾರ್ತಿಕದಲ್ಲಿ ಎಲ್ಲಿಂದಲೋ ಬಂದ ಮೋಡ ಸೂರ್ಯನನ್ನು ನುಂಗಿ ಕುಳಿತಿತ್ತು. ರವಿವಾರ ಎದುರು ಮನೆಯ ಸೋಮನಿಂಗನನ್ನು ಹೆಸರು ಹಿಡಿದು ಕೂಗಿದರು. ಅವನು ತಲೆ ತಗ್ಗಿಸಿ, ಗೋಡೆಗೆ ಅಂಟಿಕೊಂಡು, ಓಣಿಯ ಆ ತುದಿಗೆ ಮಾಯವಾದ. (ಸೋಮನಿಂಗನ ಮಗಳ ಲಗ್ನಪತ್ರಿಕೆಯಲ್ಲಿ ವಾರಕ್ಕೂ ತಾರೀಖಿಗೂ ತಾಳೆ ಇಲ್ಲವೆಂದು ಮಾಸ್ತರರು ಅವನನ್ನು ಹಿಂದಿನ ತಿಂಗಳು ಐವತ್ತು ನಿಮಿಷ ನಿಲ್ಲಿಸಿಕೊಂಡಿದ್ದರು. ಆದರೆ ಈ ಕಾರಣ ಅವರಿಗೆ ಹೊಳೆಯಲಿಲ್ಲ.)

ಸೋಮವಾರ 10-11-2025ರಂದು ಅವರು ಬ್ಯಾಂಕಿಗೆ ಹೋದರು. ಪಿಂಚಣಿದಾರರೆಲ್ಲ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಸರಕಾರವೇ ಬದುಕಿದ್ದೀರೆಂದು ಬರೆದುಕೊಂಡ ಮೇಲೆ ಒಂದು ಕಾದಂಬರಿಯ ಮಾತಿಗೆ ಏನು ಬೆಲೆ? ಕೌಂಟರಿನ ತರುಣ ನಿಯಾಜ ಮಷೀನನ್ನು ಮುಂದೆ ಸರಿಸಿದ.

"ಹೆಬ್ಬಟ್ಟ ಇಡ್ರಿ ಸರ್."

ಮಷೀನು ಕೆಂಪು ದೀಪ ತೋರಿಸಿತು.

"ಇನ್ನೊಂದ ಬಟ್ಟ ಇಡ್ರಿ."

ಕೆಂಪು. ಹತ್ತೂ ಬೆರಳುಗಳು ಮುಗಿದವು, ಹತ್ತೂ ಸಲ ಕೆಂಪು. ನಲವತ್ತು ವರ್ಷ ಖಡು (ಸೀಮೆಸುಣ್ಣ) ಹಿಡಿದು ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿದ್ದವು.

"ಮಷೀನದಾಗ ನೀವು ಇಲ್ರಿ ಸರ್," ಎಂದ ನಿಯಾಜ.

"ಇಲ್ಲ ಅಂದ್ರ?"

"ಅಂದ್ರ ಇದ್ದೀರಿ. ನನಗ ಕಾಣಾಕತ್ತೀರಿ. ಅದಕ್ಕ ಕಾಣವಲ್ರಿ ನೀವು."

"ಈಗ ನಾ ಏನ ಮಾಡ್ಬೇಕಪಾ?"

"ಸರ್ವರ ಹಂಗ ಮಾಡತೈತ್ರಿ. ಶುಕ್ರವಾರ ಸಂಜಿಮುಂದ ಬರ್ರಿ. ಅಲ್ಲೀತನಕಾ ಹಿಂಗ ಇರ್ರಿ."

ಶುಕ್ರವಾರ ಸಂಜೆ! ಮಾಸ್ತರರು ಮನೆಗೆ ಬಂದವರೇ ಜೋಳದ ಡಬ್ಬಿಗೆ ಕೈ ಹಾಕಿದರು. ಪುಟ ಎಪ್ಪತ್ತೆಂಟು: 'ಬೆರಳು ಗುರುತಿಸುವ ಯಂತ್ರಕ್ಕೆ ಮಾಸ್ತರ ಸಿಗಲಿಲ್ಲ. ಯಂತ್ರ ಸುಳ್ಳು ಹೇಳುವುದನ್ನು ಇನ್ನೂ ಕಲಿತಿರಲಿಲ್ಲ.' ಪುಸ್ತಕ ಮತ್ತೆ ಡಬ್ಬಿಗೆ ಹೋಯಿತು. ಈ ಸಲ ಮುಚ್ಚಳದ ಮೇಲೆ ಬೀಸುವ ಕಲ್ಲೂ ಕುಳಿತಿತು. (ಅಂದಿನ ಜೋಳದ ರೊಟ್ಟಿ ತಿನ್ನುವಾಗ ಮಾಸ್ತರರ ಹಲ್ಲಿಗೆ ಖಾಕಿ ಕಾಗದದ ಚೂರೊಂದು ಸಿಕ್ಕಿತು. ಅವರು ಅದನ್ನು ಮಾತಿಲ್ಲದೆ ನುಂಗಿದರು.)

ಗುರುವಾರ, 13-11-2025. ಮಾಸ್ತರರು ಸಮಾರಂಭದ ಸಿದ್ಧತೆ ನೋಡಲು ಹೊರಟು ಚೌಕಿಗೆ ಬಂದರೆ, ಕಂಬದ ಮೇಲೆ ಆಳೆತ್ತರದ ಫ್ಲೆಕ್ಸು. ಅದರಲ್ಲಿ ಅವರದೇ ಫೋಟೋ. 5-9-2005ರಂದು ತೆಗೆಸಿದ್ದು, ಅವರು ನಕ್ಕ ಏಕೈಕ ಫೋಟೋ. ಯಾರೋ ಚೆಂಡುಹೂವಿನ ಹಾರವನ್ನೂ ಹಾಕಿದ್ದರು. ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ:

ಶ್ರೀ ಶಂಕರೆಪ್ಪ ಮಾಸ್ತರ
29-2-1948 — 14-11-2025

ಫ್ಲೆಕ್ಸಿನ ಅಂಗಡಿಯ ಮೀರಾಸಾಬ ಕೆಳಗೆ ನಿಂತು ಹಗ್ಗ ಬಿಗಿಯುತ್ತಿದ್ದ. ಇವನು ಶಾಹಿಸ್ತಾಳ ತಂದೆ.

"ಮೀರಾಸಾಬ! ಏನಿದು ತಾರೀಖ? ನನ್ನ ಜನನ 1-6-1948. ಸಾಲಿ ದಾಖಲೆ ಐತಿ! ನಾಕ ವರ್ಷಕ್ಕೊಮ್ಮಿ ಮಾರಿ ತೋರ್ಸೂ ತಾರೀಖಿಗೆ ಮರ್ಯಾದಿ ಇದ್ದವ್ರು ಹುಟ್ತಾರೇನು?"

"ನನಗೇನ ಗೊತ್ರಿ ಸರ್? ನಮ್ಮ ಶಾಹಿಸ್ತಾ ಚೀಟಿ ಬರಕೊಟ್ಳು. ಹೆಸರಿಗೆ ತಾರೀಖ ಇಲ್ದ ಅಚ್ಚ ಹಾಕಿದ್ರ ಸರ್ ಬೈತಾರ ಅಂದ್ಳು. ಅದಕ್ಕ ಈ ಕಡೆ ಹುಟ್ಟಿದ್ದು ಹಾಕೀನಿ, ಆ ಕಡೆ ಕಾರ್ಯಕ್ರಮದ್ದು ಹಾಕೀನಿ. ನಡಬರಕ ಒಂದ ಗೆರಿ ಎಳದೀನಿ, ಚಂದ ಕಾಣಲಿ ಅಂತ."

ಆ ನಡುವಿನ ಗೆರೆಯ ಅರ್ಥ ಮಾಸ್ತರರ ಮಿದುಳಿಗೆ ಇಳಿದದ್ದು ಆಗಲೇ. ಅವರು ಕಂಬಕ್ಕೆ ಆತುಕೊಂಡರು. ಅಷ್ಟರಲ್ಲಿ ಸೋಮನಿಂಗ ಇನ್ನೊಂದು ಹಾರ ಹಿಡಿದು ಬಂದು, ಕಂಬದ ಆಚೆ ನಿಂತು, ಫ್ಲೆಕ್ಸಿಗೆ ಕೈ ಮುಗಿದ.

"ಬಾಳ ಕಿರಿಕಿರಿ ಮಾಡ್ತಿದ್ರು ಖರೇ," ಎಂದು ಅವನು ಮೂಗೇರಿಸಿದ, "ಆದ್ರ ಮನಶ್ಯಾ ಚೊಕ್ಕ ಇದ್ರು. ಮೊನ್ನಿ ಐತಾರ ಕರದ್ರು, ನಾ ಮಾರಿ ಮರಿಸಿಕೊಂಡ ಹೋದ್ನಿ. ಒಂದ ಮಾತ ಆಡ್ಬೇಕಿತ್ತು."

"ಈಗ ಆಡು," ಎಂದರು ಮಾಸ್ತರರು ಕಂಬದ ಹಿಂದಿನಿಂದ.

ಸೋಮನಿಂಗ ಆಡಲಿಲ್ಲ. ಹಾರ ಕೆಳಗೆ ಬಿತ್ತು, ಒಂದು ಚಪ್ಪಲಿಯೂ ಅಲ್ಲೇ ಉಳಿಯಿತು. ಮನುಷ್ಯ ಬಸ್ ನಿಲ್ದಾಣದವರೆಗೆ ತಿರುಗಿ ನೋಡದೆ ಓಡಿದ.

ಶುಕ್ರವಾರ ಬೆಳಿಗ್ಗೆ ಮಾಸ್ತರರು ತಲೆಗೆ ನೀರು ಹಾಕಿಕೊಂಡು, ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಧೋತರ ಉಟ್ಟರು. ಇಂದುಬಾಯಿಯವರು ಲಗ್ನಕ್ಕೆ ಮಾತ್ರ ತೆಗೆಯುವ ಇಳಕಲ್ ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತಿದ್ದರು. ಪಾಪ, ಈಕೆಗೂ ಒಳಗೊಳಗೇ ತಿಳಿದುಹೋಗಿದೆ, ಇಂದು ನಾನು ನೋಡುವ ಕೊನೆಯ ಸೀರೆ ಇದೆಂದು ಉಟ್ಟಿದ್ದಾಳೆ, ಎಂದು ಮಾಸ್ತರರ ಕಣ್ಣು ತುಂಬಿದವು.

"ಇಂದೂ, ಟ್ರಂಕಿನ ಕೀಲಿ ಬಸವಣ್ಣನ ಫೋಟೋದ ಹಿಂದ ಐತಿ."

"ಗೊತ್ತೈತ್ರಿ. ಎಂಬತ್ತೊಂದನೇ ಇಸವಿಯಿಂದ ಅಲ್ಲೇ ಐತಿ."

"ಎಂಬತ್ತೆರಡು."

"ನಡೀರಿ, ತಡಾ ಆಕ್ಕೈತಿ."

ಸಮಾರಂಭ ಒಂದು ಪ್ರೌಢಶಾಲೆಯ ಸಭಾಭವನದಲ್ಲಿ. ನಾಲ್ಕು ತಾಲೂಕುಗಳ ಮಕ್ಕಳು ಬೆಂಚುಗಳಲ್ಲಿ ಕಿಕ್ಕಿರಿದಿದ್ದರು. ಮೊದಲ ಸಾಲಿನಲ್ಲಿ ಕನ್ನೊಳ್ಳಿಯಿಂದ ಬಂದ ಮಾಸ್ತರರ ಸೋದರತ್ತೆ ತಿಪ್ಪವ್ವ, ತೊಂಬತ್ತೆರಡರ ಮುದುಕಿ, ಕೋಲೂರಿ ಕುಳಿತಿದ್ದಳು. ಈಕೆ ಊರು ಬಿಟ್ಟು ಬರುವುದು ಸಾವಿನ ಮನೆಗೆ ಮಾತ್ರ. ಮಾಸ್ತರರು ಅಧ್ಯಕ್ಷ ಪೀಠದ ಎರಡೂ ತೋಳುಗಳನ್ನು ಬಿಗಿಯಾಗಿ ಹಿಡಿದು ಕುಳಿತರು. ಎದುರಿನ ಗಡಿಯಾರದಲ್ಲಿ ನಾಲ್ಕು ಗಂಟೆ ಎರಡು ನಿಮಿಷ.

ನಾಲ್ಕು ಐದಕ್ಕೆ ಅವರು ಕುಳಿತಲ್ಲೇ ಎಣಿಕೆಯ ಲಕೋಟೆಯನ್ನು ಒಡೆದು ಓದಿದರು. 'ಶಿಸ್ತಿನ ಸಿದ್ದಲಿಂಗ'ಕ್ಕೆ ಮೂರು ಓಟು. ಇಂಡಿಯವರು ಒಟ್ಟಾಗಿ ಓಟು ಸುರಿದ 'ಲಿಂಬಿ ತೋಟದ ರೋಬೋಟ'ಕ್ಕೆ ಇನ್ನೂರಾ ಅರವತ್ತಮೂರು. 'ಜೂನ್ ಒಂದರ ಮಾಸ್ತರ'ಕ್ಕೆ ಇನ್ನೂರಾ ಅರವತ್ತಮೂರು.

ಸಮ ಸಮ! ಮೂವತ್ತೊಂದು ಕಲಮುಗಳಲ್ಲಿ ಇದಕ್ಕೊಂದೂ ಕಲಮು ಇರಲಿಲ್ಲ.

"ನಿಯಮದಲ್ಲಿ ಇಲ್ಲದ್ದನ್ನು ಮಾಡಲು ಬರುವುದಿಲ್ಲ," ಎಂದರು ಮಾಸ್ತರರು. "ಆದಕಾರಣ ಈ ವರ್ಷ ಪ್ರಶಸ್ತಿ ಇಲ್ಲ."

ಮಕ್ಕಳು ಹೋ ಎಂದರು. ಶಾಹಿಸ್ತಾ ಎದ್ದು ನಿಂತಳು.

"ಸರ್, ಒಂದ ಓಟ ಬಾಕಿ ಐತ್ರಿ."

"ಯಾರದು?"

"ನಿಮ್ಮದು."

"ಹುಚ್ಚಿ! ನನಗ ಎಪ್ಪತ್ತೇಳು."

"ಸರ್, ನೀವು ಆ ಪುಸ್ತಕದ ಕಡೀ ಅಧ್ಯಾಯ ಓದಿಲ್ಲೇನ್ರಿ?"

ಇಷ್ಟು ವರ್ಷದ ಸೇವೆಯಲ್ಲಿ ಯಾವ ವಿದ್ಯಾರ್ಥಿಯೂ ಮಾಸ್ತರರನ್ನು ಓದಿಲ್ಲವೇ ಎಂದು ಕೇಳಿರಲಿಲ್ಲ. ಅವರು ತಲೆ ತಗ್ಗಿಸಿದರು.

"ಅದರಾಗ ಗಂಗಿ ಮಾಸ್ತರನ ಖರೇ ತಾರೀಖ ಹುಡಕ್ತಾಳ್ರಿ. ಓದಿದ ಕೂಡ್ಲೇ ನಾಕೂ ತಾಲೂಕಿನವ್ರಿಗೆ ಆ ಮಾಸ್ತರ ಯಾರಂತ ಗೊತ್ತಾತು. ಅದಕ್ಕ ನಾವು ಕನ್ನೊಳ್ಳಿಗೆ ಹೋಗಿ ತಿಪ್ಪವ್ವಾಯಿನ್ನ ಕೇಳಿದ್ವಿ. ಆಯಿ, ನೀವ ಹೇಳ್ರಿ."

ತಿಪ್ಪವ್ವ ಕೋಲು ಕುಟ್ಟಿದಳು. "ಏ ಶಂಕ್ರ್ಯಾ! ಜೂನದಾಗ ಎಲ್ಲಿ ಹುಟ್ಟಿದ್ಯೋ ನೀ? ಜೂನದಾಗ ನೀ ಆಗ್ಲೇ ಬೋರಲ ಬಿದ್ದು ಮಣ್ಣ ನೆಕ್ಕತಿದ್ದಿ. ನೀ ಹುಟ್ಟಿದ ದಿವಸ ಗಾಂಧಿ ಮುತ್ಯಾ ಹೋಗಿ ಬರೋಬ್ಬರಿ ಮೂವತ್ತ ದಿವಸ. ನಿಮ್ಮಪ್ಪ ಲೆಕ್ಕಾ ಇಟ್ಟಿದ್ದ. ಶಿವರಾತ್ರಿಗೆ ಇನ್ನಾ ಒಂಬತ್ತ ದಿವಸ ಇತ್ತು. ಐತಾರ."

"ಇಷ್ಟ ದಿವಸ ಯಾಕ ಹೇಳಲಿಲ್ಲ ಅತ್ತಿ?"

"ನೀ ಎಂದ ಕೇಳಿದಿ? ನೀ ಬರೇ ಹೇಳಾಂವ."

ಇಲ್ಲಿ ಮಾಸ್ತರರು ಸುಮ್ಮನೆ ಇದ್ದುಬಿಡಬಹುದಿತ್ತು. ಆದರೆ ತಾರೀಖಿನ ಲೆಕ್ಕವೊಂದು ಎದುರಿಗೆ ಬಿದ್ದರೆ ಅವರ ಬಾಯಿ ಅವರ ಮಾತು ಕೇಳುವುದಿಲ್ಲ. "ಮೂವತ್ತು ಜನೆವರಿ, ಶುಕ್ರವಾರ... ಮೂವತ್ತು ದಿವಸ ಕೂಡಿಸಿದರೆ... ಅಧಿಕ ವರ್ಷ... ಶುಕ್ರವಾರಕ್ಕೆ ಎರಡು ದಿನ ಮುಂದೆ, ರವಿವಾರ..." ಎಂದು ಗುಣುಗುಣಿಸುತ್ತ, ಕುರ್ಚಿಯಲ್ಲಿ ಕುಳಿತೇ ಪಕ್ಕದ ಹಲಗೆಯ ಮೇಲೆ ಖಡುವಿನಿಂದ ಬರೆದರು: 29-2-1948.

ಬರೆದ ಮೇಲೆ ನೋಡಿದರು. ಅಕ್ಷರ ಅವರದೇ. ತಪ್ಪಿರಲಿಲ್ಲ.

"ಇನ್ನ ಮೂರನೇ ಕಲಮ ರೀ ಸರ್," ಎಂದಳು ಶಾಹಿಸ್ತಾ ಮೆಲ್ಲಗೆ. "ತಾರೀಖ ನಿಜವಾಗಿ ಬಂದುಹೋದ ಸಲಗಳ ಸಂಖ್ಯೆ."

ಮಕ್ಕಳು ಎಣಿಸತೊಡಗಿದರು. ಮಗ್ಗಿ ಹೇಳುವ ಅದೇ ರಾಗ. ಆದರೆ ಐನೂರು ಬಾಯಿಗಳು, ಒಂದೇ ಉಸಿರು. "ಐವತ್ತೆರಡು... ಐವತ್ತಾರು... ಅರವತ್ತು... ಅರವತ್ನಾಕು..." ಪ್ರತಿ ಇಸವಿಗೂ ಒಂದೊಂದು ಬೆರಳು ಮೇಲೇಳುತ್ತಿತ್ತು. ಗಾಳಿ ನಿಂತಿತ್ತು. ಗಡಿಯಾರದ ಮುಳ್ಳು ಒಂಬತ್ತನ್ನು ದಾಟಿತು. ಯಾರೋ ತಮ್ಮ ವಯಸ್ಸನ್ನು ಒಂದೊಂದಾಗಿ ಕಳಚಿ ಕೆಳಗಿಡುತ್ತಿರುವಂತೆ ಮಾಸ್ತರರಿಗೆ ಭಾಸವಾಯಿತು. "...ಎರಡ ಸಾವಿರದ ಇಪ್ಪತ್ತು... ಎರಡ ಸಾವಿರದ ಇಪ್ಪತ್ನಾಕು." ಸದ್ದು ನಿಂತಿತು. "ಹತ್ತೊಂಬತ್ತು," ಎಂದು ಶಾಹಿಸ್ತಾ ಓಟಿನ ಚೀಟಿಯನ್ನು ಮುಂದೆ ಹಿಡಿದಳು.

ಮೂರನೆಯ ಸಾಲಿನಲ್ಲಿ ಚೇತನಕುಮಾರ ಕೆಮ್ಮಿದ. "ಸರ್, ಸಣ್ಣದೊಂದು ಮಾತ್ರಿ. ಹತ್ತೊಂಬತ್ತು ಅಂದ್ರ... ಒಂದನೇ ಕಲಮ..."

ಅಧ್ಯಕ್ಷರ ವಯಸ್ಸು ನಲವತ್ತಕ್ಕೆ ಕಡಿಮೆ ಇರಕೂಡದು!

ಶಾಲೆಯ ದಾಖಲೆಯೇ ಅಂತಿಮ ಎಂದು ಒಂದು ಮಾತು ಹೇಳಿದ್ದರೆ ಕುರ್ಚಿ ಉಳಿಯುತ್ತಿತ್ತು. ಮಕ್ಕಳ ಪ್ರಶಸ್ತಿ ಆ ವರ್ಷಕ್ಕೆ ಮುಳುಗುತ್ತಿತ್ತು. ಮಾಸ್ತರರು ಬಾಯಿ ತೆರೆದರು. ಹಲಗೆಯ ಮೇಲೆ ತಮ್ಮದೇ ಅಕ್ಷರ ತಮ್ಮನ್ನೇ ನೋಡುತ್ತಿತ್ತು. ಖರೇ ತಾರೀಖನ್ನು ಅಳಿಸಿ ಸುಳ್ಳು ತಾರೀಖನ್ನು ಬರೆಯುವ ಕೈ ಅವರಿಗೆ ಇರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡಿತು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮಾಸ್ತರರು ಕುರ್ಚಿಯಿಂದ ಎದ್ದರು.

ಒಂದು ಕ್ಷಣ ಕಣ್ಣು ಮುಚ್ಚಿ ಕಾಯ್ದರು. ಏನೂ ಆಗಲಿಲ್ಲ. ಮೊಣಕಾಲು ಎಂದಿನಂತೆ ನೋಯುತ್ತಿತ್ತು. ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವ ಬ್ಯಾಂಕೂ ಕೊಡಲಾರದು. ಅವರು ಕೆಳಗಿಳಿದು, ಒಂಬತ್ತನೆಯ ಇಯತ್ತೆಯ ಬೆಂಚಿನಲ್ಲಿ ಸರಿಸಿಕೊಟ್ಟ ಜಾಗದಲ್ಲಿ ಕುಳಿತು ಚೀಟಿ ತುಂಬಿದರು. ಚೀಟಿಯಲ್ಲಿ 'ಏಕೆ?' ಎಂದೊಂದು ಸಾಲಿರುತ್ತದೆ. ಅವರು ಬರೆದರು: 'ಜೂನ್ ಒಂದರ ಮಾಸ್ತರ. ಏಕೆಂದರೆ ಇದರಲ್ಲಿ ಒಂದೂ ತಾರೀಖು ತಪ್ಪಿಲ್ಲ.'

ಪುಸ್ತಕ ಬರೆದವರ ಹೆಸರಿದ್ದ ಲಕೋಟೆಯನ್ನು ಶಾಹಿಸ್ತಾ ಒಡೆದು, ಒಳಗಿನ ಹೆಸರು ಕೂಗಿದಳು. ಇಳಕಲ್ ಸೀರೆಯ ಸೆರಗು ಹೊದ್ದುಕೊಂಡು ಇಂದುಬಾಯಿಯವರು ಎದ್ದು ನಡೆದರು. ಸಭಾಭವನ ಚಪ್ಪಾಳೆಯಿಂದ ನಡುಗುವಾಗ ಮಾಸ್ತರರು ಬೆಂಚಿನಿಂದ ಅರ್ಧ ಎದ್ದು ಕೂಗಿದರು.

"ಇಂದೂ! ಮತ್ತ ಶಿವನಾಮ?"

"ಮೊದಲನೇ ವಹಿ ಮೊದಲನೇ ಸಾಲಿನ್ಯಾಗ ಬರದೀನ್ರಿ, ಒಂದ ಸಲ. ಶಿವಗ ಅಷ್ಟ ಸಾಕಾತು."

"ಇವತ್ತ ನಾಕ ಹತ್ತಕ್ಕ ನಾ ಏಳ್ತೀನಂತ ಹ್ಯಾಂಗ ಗೊತ್ತಾತು?"

"ಹನ್ನೆರಡ ಸಮಾರಂಭ ನೋಡೀನಿ. ಎಂದರ ಬ್ಯಾರೆ ದಿವಸ ಇಟ್ಟೀರೇನು? ಪ್ರಶಸ್ತಿ ಕೊಡಾಕ ನಾಕ ಹತ್ತಕ್ಕ ಏಳೂದ ಎಂದರ ತಪ್ಪಿಸೀರೇನು?" ಇಂದುಬಾಯಿ ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. "ಮತ್ತ ಆ ಬಲ್ಬ. ಸ್ಟೂಲ ಹತ್ತಿ ಅದನ್ನ ಹಾಕಿದಾಕಿ ನಾನು. ನೀವು ಕೆಳಗ ನಿಂತು ತಾರೀಖ ಅಷ್ಟ ಬರದೀರಿ."

ಖಾಲಿಯಾದ ಕುರ್ಚಿಯ ಕಡೆಗೆ ಚೇತನಕುಮಾರ ಎರಡು ಹೆಜ್ಜೆ ಇಟ್ಟಿದ್ದ. ಆದರೆ ಮಕ್ಕಳು ಅವನಿಗಿಂತ ಮೊದಲೇ ಇಂದುಬಾಯಿಯವರನ್ನು ಕೈ ಹಿಡಿದು ಅದರಲ್ಲಿ ಕೂಡಿಸಿಬಿಟ್ಟಿದ್ದರು. ಅವರ ವಯಸ್ಸು ನಲವತ್ತಕ್ಕೆ ಕಡಿಮೆ ಇದೆಯೆಂದು ಯಾರೂ ತಕರಾರು ಮಾಡಲಿಲ್ಲ. ಮಾಸ್ತರರ ಇಪ್ಪತ್ತನೆಯ ವಯಸ್ಸು ಮಂಗಳವಾರ 29-2-2028ಕ್ಕೆ ಬರುತ್ತದೆ. ಪೀಠಕ್ಕೆ ಬೇಕಾದ ನಲವತ್ತು ತುಂಬಲು ಸನ್ 2112ರವರೆಗೆ ಕಾಯಬೇಕು (2100 ಅಧಿಕ ವರ್ಷವಲ್ಲ) ಎಂದು ಅವರೇ ಬೆಂಚಿನಲ್ಲಿ ಕುಳಿತು ಲೆಕ್ಕ ಹಾಕಿದರು. ಲೆಕ್ಕ ಸರಿಯಾಗಿತ್ತು.

ಸಂಜೆ ಆರು ಗಂಟೆ ಐದು ನಿಮಿಷಕ್ಕೆ ಮನೆ ಮುಟ್ಟಿದರು. ಮನೆಯ ಕುರ್ಚಿಯಲ್ಲಿ, 12-3-2019ರ ಬಲ್ಬಿನ ಕೆಳಗೆ, ಇಂದುಬಾಯಿಯವರು ಮಕ್ಕಳ ಪುಸ್ತಕಗಳಿಗೆ ಸಹಿ ಹಾಕುತ್ತ ಕುಳಿತರು. ಮಾಸ್ತರರು ಹೊಸ್ತಿಲ ಬಳಿ ಚಾಪೆ ಹಾಸಿಕೊಂಡರು.

"ಇಂದೂ, ಚಾ!"

ಉತ್ತರವಿಲ್ಲ.

"ಇಂದೂ, ಚಾ!"

ಪೆನ್ನು ಓಡುತ್ತಿತ್ತು.

"ಇಂದೂ..."

ಬಳೆ ಸದ್ದಾಯಿತು. ಎರಡು ಸಲ.

ಹತ್ತೊಂಬತ್ತರ ವಯಸ್ಸಿನ ಮಾಸ್ತರರು ಮೊಣಕಾಲು ಹಿಡಿದು ಎದ್ದು, ಐವತ್ತೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಒಲೆಯ ಬಳಿಗೆ ನಡೆದರು. ಅಡಿಗೆಮನೆಯಲ್ಲಿ ಮಬ್ಬು ಕವಿದಿತ್ತು. ತಡವರಿಸಿ ಚಹಾಪುಡಿಯ ಡಬ್ಬಿ ಹುಡುಕಿ ಬೆಳಕಿಗೆ ಹಿಡಿದರು. ಮುಚ್ಚಳದ ಮೇಲೆ, ತಮ್ಮದಲ್ಲದ ಅಕ್ಷರದಲ್ಲಿ, ಒಂದು ತಾರೀಖು ಬರೆದಿತ್ತು: 14-11-2025ರಿಂದ ಚಹಾ ಮಾಸ್ತರರ ಕಡೆಗೆ.

ಅವರು ಹೆಬ್ಬೆರಳಿನಿಂದ ಒರಸಿ ನೋಡಿದರು. ಮಸಿ ಒಣಗಿ ಎಷ್ಟೋ ತಿಂಗಳುಗಳಾಗಿದ್ದವು.